ಇಲ್ಲದ ಟೈಲರ್ ಅಂಗಡಿ

ಸ್ನೇಹಿತರೇ, ಇವತ್ತು ಕುಕ್ ಟೌನಿನ ಒಂದು ಗೇಟಿನ ಮುಂದೆ ನಾನೂ ನಮ್ಮ ಪಕ್ಕದ ಮನೆಯ ಅಕ್ಕನೂ ಒಬ್ಬರಿಗೊಬ್ಬರು ಸುಳ್ಳು ಹೇಳಿದೆವು.

ಆ ಗೇಟಿನೊಳಗೆ ಮಾನಸಿಕ ಕಾಯಿಲೆ ಇರುವವರು ತಿಂಗಳಿಗೊಮ್ಮೆ ಸೇರಿ ಮಾತಾಡುತ್ತಾರೆ. ನನಗೆ ಬೈಪೋಲಾರ್. ಏಳು ವರ್ಷದಿಂದ ಮಾತ್ರೆ ಇದೆ, ಮಾತಾಡಲು ಜನ ಇಲ್ಲ. ಅದಕ್ಕೇ ಮೊದಲ ಸಲ ಹೋಗಿದ್ದೆ. ಅಕ್ಕನ ಕೈಯಲ್ಲೂ ನನ್ನ ಕೈಯಲ್ಲಿದ್ದಂಥದ್ದೇ ಆಸ್ಪತ್ರೆಯ ಫೈಲು. ಇಬ್ಬರೂ ಅದನ್ನು ಬೆನ್ನ ಹಿಂದೆ ಹಿಡಿದೆವು.

"ಏನಪ್ಪಾ, ಈ ಕಡೆ?"

"ಫ್ರೆಂಡ್ ಮನೆ ಹುಡುಕ್ತಿದ್ದೆ ಅಕ್ಕಾ. ನೀವು?"

"ಟೈಲರ್ ಹತ್ರ ಬಂದಿದ್ದೆ. ಅಂಗಡಿ ಮುಚ್ಬಿಟ್ಟಿದಾರೆ."

ಆ ಬೀದಿಯಲ್ಲಿ ಟೈಲರ್ ಅಂಗಡಿಯೇ ಇಲ್ಲ. ಇಬ್ಬರೂ ಒಳಗೆ ಹೋಗದೆ ಒಂದೇ ಬಸ್ಸು ಹತ್ತಿ, ಬೇರೆ ಬೇರೆ ಸೀಟಿನಲ್ಲಿ ಕೂತೆವು.

ಹಲಸೂರು ಬರುವಷ್ಟರಲ್ಲಿ ಸಭೆ ನಡೆಸುವವರು ಎಲ್ಲರಿಗೂ ಕಳಿಸಿದ ಮೆಸೇಜು ಬಂತು. "ಇವತ್ತು ಬರ್ತೀನಿ ಅಂದಿದ್ದ ಇಬ್ರು ಹೊಸಬರೂ ಬರ್ಲಿಲ್ಲ. ಕಾಫಿ ಫ್ಲಾಸ್ಕಲ್ಲೇ ಇದೆ." ಮುಂದಿನ ಸೀಟಿನಲ್ಲಿ ಅಕ್ಕನೂ ಫೋನು ನೋಡುತ್ತಿದ್ದರು.

ಈಗ ಜೋಗುಪಾಳ್ಯದ ತಮ್ಮ ಮನೆಯ ತಾರಸಿಯಲ್ಲಿ ಅಕ್ಕ ಒಣಗಿದ ಬಟ್ಟೆ ತೆಗೆಯುತ್ತಿದ್ದಾರೆ. ನಮ್ಮ ನಡುವೆ ಮೊಣಕಾಲೆತ್ತರದ ಗೋಡೆ. ನಾನು ಈಚೆ ಕೂತು, ಸುಳ್ಳು ಹೆಸರಿನ ಈ ಖಾತೆಯಲ್ಲಿ, ನಿಮಗೆಲ್ಲ ನಿಜ ಹೇಳುತ್ತಿದ್ದೇನೆ.