ಬ್ರೇಕಿಗೆ ಎಣ್ಣೆ ಬಿಟ್ಟ ಮೇಷ್ಟ್ರು

ಸದಾಶಿವಪ್ಪ ಮೇಷ್ಟ್ರು ನಮ್ಮ ಬೀದಿಗೆ ತಿರುಗುವ ಮೊದಲೇ ಅವರ ಕಾರಿನ ಕೀಚಲು ಮನೆ ಮುಟ್ಟುತ್ತಿತ್ತು, ಸ್ಲೇಟಿನ ಮೇಲೆ ಉಗುರು ಎಳೆದ ಹಾಗೆ. ಎದುರುಮನೆ ನಾಯಿ ಎದ್ದು ಜಾಗ ಬದಲಿಸುತ್ತಿತ್ತು. ಮೇಷ್ಟ್ರು ಮಾತ್ರ ಏನೂ ಕೇಳಿಸದವರಂತೆ ಕಿಟಕಿ ಇಳಿಸಿ, "ಬನ್ರೀ, ಟೈಮಾಯ್ತು" ಅನ್ನುತ್ತಿದ್ದರು.

ಗುಂಡ್ಲುಪೇಟೆಯಿಂದ ಚಾಮರಾಜನಗರದ ಕಾಲೇಜಿಗೆ ನಾವಿಬ್ಬರೂ ಅದೇ ಕಾರಿನಲ್ಲಿ ಹೋಗುತ್ತಿದ್ದೆವು. ಅವರದು ಭೌತಶಾಸ್ತ್ರ, ನನ್ನದು ಇತಿಹಾಸ. ಕಾರು ಹಳೆಯದು, ಯಜಮಾನರ ಅಭಿಪ್ರಾಯಗಳು ಇನ್ನೂ ಹಳೆಯವು. ಘರ್ಷಣೆಯ ಪಾಠಕ್ಕೆ ಅವರು ಹೆಸರುವಾಸಿ. ಯಾವನೋ ವಿದ್ಯಾರ್ಥಿಯ ಚಪ್ಪಲಿ ಎತ್ತಿ ಹಿಡಿದು, "ಉಜ್ಜಿದ್ದೆಲ್ಲ ಸವೀತದೆ, ನೋಡ್ಕೊಳ್ರೋ" ಅನ್ನುತ್ತಿದ್ದರಂತೆ. "ಅಂತೆ" ಏಕೆಂದರೆ ನಾನು ಕಂಡಿಲ್ಲ. ಊರಿನ ಅರ್ಧ ಜನ ಅವರ ಶಿಷ್ಯರು. ಒಬ್ಬೊಬ್ಬರೂ ಆ ಚಪ್ಪಲಿ ತಮ್ಮದೇ ಎನ್ನುತ್ತಾರೆ. ಆ ನಿಯಮ ಚಪ್ಪಲಿಗೆ ಅನ್ವಯಿಸುತ್ತಿತ್ತು, ಮೇಷ್ಟ್ರ ಕಾರಿಗಲ್ಲ.

"ಸರ್, ಬ್ರೇಕ್ ಪ್ಯಾಡ್ ಸವೆದಿರಬಹುದು" ಎಂದು ಒಮ್ಮೆ ಅಂದೆ.

"ಧೂಳು ಕಣ್ರೀ ಅದು, ಈ ರೋಡಿಂದು."

ಮಳೆ ಬಂದ ದಿನ, "ತೇವ ಕಣ್ರೀ." ಧೂಳೂ ತೇವವೂ ಇಲ್ಲದ ದಿನ ರೇಡಿಯೊ ಜೋರು ಮಾಡಿದರು. ಬರಬರುತ್ತ ಕೀಚಲು ಹೋಗಿ ಕರಕರ ಶುರುವಾಯಿತು. ಬ್ರೇಕ್ ಒತ್ತಿದರೆ ಕಾರು ಎಡಕ್ಕೆ ಎಳೆಯುತ್ತಿತ್ತು, ಪೆಡಲು ನೆಲದ ತನಕ ಇಳಿಯುತ್ತಿತ್ತು.

"ಡ್ರೈವಿಂಗ್ ಬರೋನಿಗೆ ಬ್ರೇಕ್ ಯಾತಕ್ರೀ? ದೂರದಲ್ಲೇ ಕಾಲು ತೆಗೆದ್ರೆ ತಾನೇ ನಿಲ್ತದೆ."

ಮೆಕ್ಯಾನಿಕ್ಕು, ಕುದೇರಿನ ಸಿದ್ದರಾಜು, ಅವನೂ ಶಿಷ್ಯನೇ. ಅವನ ಶೆಡ್ಡಿನಲ್ಲಿ ಪರೀಕ್ಷೆ ನಡೆಯುತ್ತಿದ್ದುದು ಕಾರಿಗಲ್ಲ, ಅವನಿಗೆ.

"ಏನ್ಲಾ, ಗಾಡಿ ಹೆಂಗದೆ? ಚೆನ್ನಾಗದೆ ಅಲ್ವಾ?"

"ಚೆನ್ನಾಗದೆ ಸಾ."

ಇಷ್ಟೇ ಆಗಿದ್ದರೆ ನಗುತ್ತ ಇರಬಹುದಿತ್ತು. ಆದರೆ ಮೇಷ್ಟ್ರು ಬರುವ ರಜೆಯಲ್ಲಿ ಹೆಂಡತಿ ಗೌರಮ್ಮನವರನ್ನು ಬಂಡೀಪುರದ ಮೇಲೆ ಊಟಿಗೆ ಕರೆದೊಯ್ಯುವುದಾಗಿ ಸಾರಿದರು, ಅದೂ ಕಡಿದಾದ ಘಟ್ಟದ ದಾರಿಯಲ್ಲಿ. ಗೌರಮ್ಮ ಕಾಂಪೌಂಡಿನ ಹತ್ತಿರ ನನ್ನನ್ನು ಕರೆದು, "ನೀವಾದ್ರೂ ಯೋಳಿ. ಹತ್ತದು ಹೆಂಗೋ ಹತ್ಬುಡ್ತದೆ. ಇಳಿಯೋವಾಗ ಏನ್ ಗತಿ?" ಎಂದರು. ನಾನು ಹೇಳಿದೆ. ಮೇಷ್ಟ್ರಿಗೆ ಅದು ಸದ್ದಿನ ಮೇಲಿನ ದೂರು ಎಂದಷ್ಟೇ ಅರ್ಥವಾಯಿತು.

ಮುಂದಿನ ಭಾನುವಾರ ಭೀಮನಬೀಡಿನಲ್ಲಿ ಒಂದು ಗೃಹಪ್ರವೇಶ, ನಾವು ಮೂವರೂ ಹೋಗಬೇಕಿತ್ತು. ಹೊರಡುವ ಹೊತ್ತಿಗೆ ಮೇಷ್ಟ್ರು ಮುಂದಿನ ಚಕ್ರದ ಬಳಿ ಕುಕ್ಕರುಗಾಲಲ್ಲಿ ಕೂತು, ಗೌರಮ್ಮನವರ ಹೊಲಿಗೆ ಯಂತ್ರದ ಎಣ್ಣೆಡಬ್ಬಿಯ ಮೂತಿಯನ್ನು ಒಳಗೆ ತೂರಿಸುತ್ತಿದ್ದರು.

"ಸರ್, ಬ್ರೇಕಿಗೆ ಎಣ್ಣೆಯೇ?"

"ಸದ್ದು ಯಾಕೆ ಬರ್ತದೆ? ಘರ್ಷಣೆಯಿಂದ. ಘರ್ಷಣೆ ಕಡಿಮೆ ಮಾಡ್ದೆ. ನೀವು ಇತಿಹಾಸದೋರು, ಬುಡಿ."

ಕಾರು ನಿಜಕ್ಕೂ ಸದ್ದಿಲ್ಲದೆ ಹೊರಟಿತು. ಅಷ್ಟೇ ಸದ್ದಿಲ್ಲದೆ ತಿರುವಿನಲ್ಲಿ ರಸ್ತೆ ಬಿಟ್ಟು, ಸೂರ್ಯಕಾಂತಿ ಹೊಲಕ್ಕೆ ನುಗ್ಗಿ, ಮೆತ್ತನೆ ಮಣ್ಣಿನಲ್ಲಿ ಮೂಗೂರಿ ನಿಂತಿತು. ಹೂವಿನ ಮುಂದೆ ಫೋಟೊ ತೆಗೆಸಿಕೊಳ್ಳುತ್ತಿದ್ದ ಕೇರಳದವರು ಮೊದಲು ಓಡಿದರು, ಆಮೇಲೆ ವಾಪಸು ಬಂದು ನಮ್ಮ ಫೋಟೊ ತೆಗೆದರು. ಕೋಲು ಹಿಡಿದು ಬಂದ ಹೊಲದವನು ಕೋಲನ್ನು ಬೆನ್ನ ಹಿಂದೆ ಬಚ್ಚಿಟ್ಟ.

"ಅಯ್ಯೋ, ಸಾ, ನೀವಾ! ಬುಡಿ ಸಾ, ವಸಿ ಹೂವ ತಾನೆ ಹೋಗಿರದು."

ಅವನೂ ಶಿಷ್ಯ.

ಗೌರಮ್ಮ ಸೀರೆಗಂಟಿದ ಹಳದಿ ದಳಗಳನ್ನು ಕೊಡವಿಕೊಂಡು ಇಳಿದು, ತಾವೇ ಸಿದ್ದರಾಜುವಿಗೆ ಫೋನ್ ಮಾಡಿದರು. ಅವನು ಬಂದು ಕಾರನ್ನು ರಸ್ತೆಗೆಳೆಸಿ ಚಕ್ರ ಬಿಚ್ಚಿದ. ಇಣುಕಿ ನೋಡಿ, ಮೇಷ್ಟ್ರ ಕಡೆ ತಿರುಗಿ, "ವಸಿ ಸವ್ದದೆ ಸಾ" ಎಂದ.

"ಅವ್ರ ಮೊಕ ಬುಡು ಕಣ್ಲಾ, ನನ್ ಮೊಕ ನೋಡ್ಕಂಡು ಯೋಳು," ಎಂದರು ಗೌರಮ್ಮ. "ಆ ಘಟ್ಟ ಇಳಿಯೋಳು ನಾನು."

ಸಿದ್ದರಾಜು ಪ್ಯಾಡನ್ನು ಕಿತ್ತು ಅವರ ಕೈಗಿಟ್ಟ. "ಪ್ಯಾಡ್ ಎಲ್ಲದೆ ಕಣವ್ವಾ? ಬರೀ ತಗಡು ಉಳ್ಕಂಡದೆ. ಅದು ತಿಕ್ಕಿ ತಿಕ್ಕಿ ಡಿಸ್ಕೆಲ್ಲ ಗೀರಾಗೋಗದೆ. ಎಲ್ಡು ಕಡೀದೂ ಬದಲಾಯಿಸ್ಬೇಕು. ಸಾಲ್ದು ಅಂತ ಯಾರೋ ಎಣ್ಣೆ ಬೇರೆ ಬುಟ್ಟವ್ರೆ."

"ಯಾರೋ" ಎಂಬುದನ್ನು ಅವನು ಎಂಥ ಗುರುಭಕ್ತಿಯಿಂದ ಹೇಳಿದ!

"ಮೊದಲೇ ಯಾಕ್ಲಾ ಹೇಳ್ಲಿಲ್ಲ?" ಮೇಷ್ಟ್ರು ಗುಡುಗಿದರು.

"ನೀವು ಎಲ್ ಕೇಳುದ್ರಿ ಸಾ? ನೀವೇ ಯೋಳುದ್ರಿ."

ಈ ಮಾತನ್ನು ಅವನು ಅಂದನೋ, ಅನ್ನಬೇಕಿತ್ತೆಂದು ನಾನು ಆಮೇಲೆ ಸೇರಿಸಿಕೊಂಡೆನೋ, ಈಗ ಆಣೆ ಮಾಡಿ ಹೇಳಲಾರೆ. ಗೌರಮ್ಮ ಅಂದದ್ದು ಮಾತ್ರ ಖಚಿತ: "ಊಟಿಗೆ ಹೋಗನ. ನಾನು ಕಾರು ಕಲ್ತ ಮ್ಯಾಲೆ."

ಪ್ಯಾಡು, ಡಿಸ್ಕು ಎರಡೂ ಹೊಸದಾದವು. ಗೌರಮ್ಮ ಡ್ರೈವಿಂಗ್ ಶಾಲೆಗೆ ಸೇರಿದರು. ಕಲಿಸಿದವನು ತಾನೇ ಎಂದು ಮೇಷ್ಟ್ರು ಸ್ಟಾಫ್‌ರೂಮಿನಲ್ಲಿ ಹೇಳಿಕೊಂಡರು. ನಾವೂ ತಲೆಯಾಡಿಸಿದೆವು, ಶಿಷ್ಯರಲ್ಲದಿದ್ದರೂ. ಮೇಷ್ಟ್ರು ನಿವೃತ್ತರಾಗಿ ಮೈಸೂರಿಗೆ ಹೋಗುವ ಮುಂಚೆ ಆ ಪ್ರವಾಸ ನಡೆಯಿತು, ನನ್ನನ್ನೂ ಕರೆದರು. ನಾನು ಅವರ ಜೊತೆ ಕಳೆದ ಕೊನೆಯ ದಿನ ಅದೇ.

ವಾಪಸು ಘಟ್ಟ ಇಳಿಯುವಾಗ ಗೌರಮ್ಮ ಗೇರು ಇಳಿಸಿ, ಬ್ರೇಕನ್ನು ಹಗುರಾಗಿ ಮುಟ್ಟಿ ಬಿಡುತ್ತ, ಏನನ್ನೋ ಗುನುಗಿಕೊಳ್ಳುತ್ತಿದ್ದರು. ಕಾರಿನಿಂದ ಬೇರೆ ಸದ್ದಿಲ್ಲ. ಪಕ್ಕದ ಸೀಟಿನಲ್ಲಿ ಮೇಷ್ಟ್ರು ಕೂತಿದ್ದರು. ಹಿಂದೆ ಕೂತ ನನಗೆ ಅವರ ಪಾದ ಕಾಣುತ್ತಿರಲಿಲ್ಲ. ಬಲ ಮೊಣಕಾಲು ಕಾಣುತ್ತಿತ್ತು. ಒಂದೊಂದು ತಿರುವಿಗೂ ಅದು ಬಿಗಿದುಕೊಂಡು, ಪೆಡಲೇ ಇಲ್ಲದ ಕಡೆ, ಬಲವಾಗಿ ಒತ್ತುತ್ತಿತ್ತು.