ಅಕ್ಕ ಓದದೆ ಉಳಿಸಿದ್ದ ನಾಲ್ಕು ವಾರ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯ ಒಳ್ಳೆಯ ಕೋಣೆ ನಮಗಲ್ಲ, ರೇಷ್ಮೆ ಹುಳುಗಳಿಗೆ ಮೀಸಲಾಗಿತ್ತು. ಕುದೂರಿನಿಂದ ಎರಡು ಮೈಲಿ ನಡೆದರೆ ನಮ್ಮೂರು. ಆ ಕೋಣೆಯಲ್ಲಿ ಸದಾ ಹಸಿ ಹಿಪ್ಪುನೇರಳೆ ಸೊಪ್ಪಿನ ವಾಸನೆ, ಸುಣ್ಣದ ವಾಸನೆ. ಹುಳು ದೊಡ್ಡವಾದ ಮೇಲೆ ಅವು ಮೇಯುವ ಸದ್ದು ಹೆಂಚಿನ ಮೇಲೆ ತುಂತುರು ಬಿದ್ದ ಹಾಗೆ ಕೇಳುತ್ತಿತ್ತು. ಹೀಗೆ ಅನ್ನಿಸಿದ್ದು ಆಗಲೋ, ಆಮೇಲೆ ಎಲ್ಲೋ ಓದಿದ್ದೋ, ಹೇಳಲಾರೆ.

ಅಕ್ಕ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಕುದೂರಿನ ಟೈಲರ್ ಅಂಗಡಿಯವರು ಓದಿ ಮುಗಿಸಿದ ವಾರಪತ್ರಿಕೆಗಳನ್ನು ಶಾಲೆಯಿಂದ ಬರುವಾಗ ನಾನೇ ತಂದುಕೊಡುತ್ತಿದ್ದೆ. ಅದರಲ್ಲಿ ಬರುತ್ತಿದ್ದ ಒಂದು ಧಾರಾವಾಹಿಯ ಹಾಳೆಗಳನ್ನು ಅಕ್ಕ ಬಿಡಿಸಿ, ಗೋಣಿ ಹೊಲಿಯುವ ಸೂಜಿಯಿಂದ ಹೊಲಿದು ಇಟ್ಟುಕೊಂಡಿದ್ದಳು. ಎಲ್ಲ ವಾರಗಳದ್ದೂ ಕೂಡಿದ ಮೇಲೆ ಅಪ್ಪನಿಗೆ ಮೊದಲಿನಿಂದ ಓದಿ ಹೇಳತೊಡಗಿದಳು. ಅಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ. ಸಂಜೆ ಸೊಪ್ಪು ಹೆಚ್ಚುತ್ತಾ ಕೇಳುತ್ತಿದ್ದರು. ಊರು ಬಿಟ್ಟು ಹೋದ ಒಬ್ಬ ಹುಡುಗಿಯ ಕತೆ ಅದು. ಕೊನೆಯ ನಾಲ್ಕು ವಾರದ್ದನ್ನು ಅಕ್ಕ ತಾನೂ ಓದಿರಲಿಲ್ಲ. ಅಪ್ಪನಿಗೆ ಗೊತ್ತಾಗುವಾಗಲೇ ತನಗೂ ಗೊತ್ತಾಗಲಿ ಎಂದು ಆಸೆ ಹಿಡಿದಿಟ್ಟುಕೊಂಡಿದ್ದಳು.

ನಮ್ಮ ಮೇಷ್ಟ್ರು ಧಾರಾವಾಹಿಗಳನ್ನು ಕಸ ಎನ್ನುತ್ತಿದ್ದರು. ಹನ್ನೆರಡು ವರ್ಷದ ನಾನೂ ಹಾಗೇ ಎನ್ನುತ್ತಿದ್ದೆ. ಶಾಲೆಯಲ್ಲಿ ನನಗೆ ಬಹುಮಾನವಾಗಿ ಬಂದ ಪ್ರಬಂಧಗಳ ಪುಸ್ತಕವನ್ನು ಒಂದು ಸಂಜೆ ಅಪ್ಪನಿಗೆ ಓದಿದೆ. ಅಪ್ಪ ಕೂತಲ್ಲೇ ತೂಕಡಿಸಿದರು.

“ಅಳೋ ಹೆಂಗಸರ ಕತೆ ಓದ್ಕೊಂಡು ನೀನೂ ಅಳ್ತೀಯಲ್ಲ, ನಾಚ್ಕೆ ಆಗಲ್ವಾ?” ಎಂದು ಅಕ್ಕನನ್ನು ಹಂಗಿಸಿದೆ.

“ನಿಂದು ಓದಿದ್ರೆ ಅಪ್ಪ ತೂಕಡಿಸ್ತೈತೆ, ನಂದು ಓದಿದ್ರೆ ಎದ್ದು ಕೂತ್ಕತೈತೆ ಕಣ್ಲಾ!” ಅಂದು ಅಕ್ಕ ನಕ್ಕಳು. ಅಪ್ಪನಿಗೆ ಓದಿ ಹೇಳಲು ಇನ್ನು ಆ ನಾಲ್ಕು ವಾರದ್ದು ಮಾತ್ರ ಉಳಿದಿತ್ತು.

ಮಾರನೆಯ ಬೆಳಿಗ್ಗೆ ಹೊಸ ಬೆಳೆಯ ರೇಷ್ಮೆ ಮೊಟ್ಟೆಗಳು ಎಣಿಸಿದ್ದಕ್ಕಿಂತ ಒಂದು ದಿನ ಮೊದಲೇ ಒಡೆದವು. ಕೂದಲೆಳೆಯಂಥ ಕಪ್ಪು ಹುಳುಗಳನ್ನು ಕೋಳಿಯ ಪುಕ್ಕದಿಂದ ಮೆಲ್ಲಗೆ ಸವರಿ, ಪೇಪರ್ ಹಾಸಿದ ಬಿದಿರು ತಟ್ಟೆಗೆ ಇಳಿಸಬೇಕು. ಅಕ್ಕ ಸೊಪ್ಪು ಕುಯ್ಯಲು ತೋಟಕ್ಕೆ ಹೋಗಿದ್ದಳು. ಅಪ್ಪ ಅವಸರದಲ್ಲಿ, “ಲೇ, ಒಸಿ ಪೇಪರ್ ತತ್ತಾರ್ಲಾ” ಎಂದು ಕೂಗಿದರು.

ನಾನು ಅಕ್ಕನ ಕಟ್ಟಿನ ದಾರ ಕತ್ತರಿಸಿ, ಹಾಳೆಗಳನ್ನು ಬಿಡಿಬಿಡಿ ಮಾಡಿ ತಂದುಕೊಟ್ಟೆ.

“ಬೇಕಾದ್ದೇನ್ಲಾ ಇದು?”

“ಕಸ ಕಣಪ್ಪ.”

ಮನೆಯಲ್ಲಿ ಬೇರೆ ಪೇಪರ್ ಇರಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಯೂನಿವರ್ಸಿಟಿಯಲ್ಲಿ ಕಲಿತದ್ದೊಂದು ನನ್ನನ್ನು ಬಿಟ್ಟಿಲ್ಲ: ಯಾರೇ ಸಾಕ್ಷಿ ಹೇಳಲಿ, ಅದರಿಂದ ಅವರಿಗೇನು ಲಾಭ ಎಂದು ಕೇಳಬೇಕು. ನನ್ನ ನೆನಪನ್ನೂ ಹಾಗೆ ಕೇಳಿದರೆ ಅದು ತಡವರಿಸುತ್ತದೆ. ಅಟ್ಟದ ಮೇಲೆ ಹಳೆಯ ಪೇಪರಿನ ಕಟ್ಟೊಂದು ಇದ್ದಹಾಗೆ ಕಾಣುತ್ತದೆ. ದಾರವನ್ನು ಬೇಕೆಂದೇ ಕತ್ತರಿಸಿದೆ ಎಂಬುದರಲ್ಲಿ ಮಾತ್ರ ಅನುಮಾನವಿಲ್ಲ.

ಅಕ್ಕ ಸೊಪ್ಪಿನ ಕುಕ್ಕೆ ಇಳಿಸಿ ಒಳಗೆ ಬಂದಳು. ತಟ್ಟೆ ನೋಡಿದಳು. ಅಷ್ಟರಲ್ಲಿ ಹುಳುಗಳೆಲ್ಲ ಅಕ್ಷರಗಳ ಮೇಲೆ ಹರಡಿಕೊಂಡಿದ್ದವು. ಹಾಳೆ ಎಳೆದರೆ ಹುಳು ಸಾಯುತ್ತವೆ. ಅವಳು ಕೂಗುತ್ತಾಳೆ, ನನಗೆ ಬಾರಿಸುತ್ತಾಳೆ ಎಂದು ಕಾದೆ. ಅವಳು ಕೂತು ಎಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿದಳು. ತಟ್ಟೆಯ ಮೇಲೆ ಬಗ್ಗಿ, ಒಂದು ಕ್ಷಣ ತುಟಿ ಆಡಿಸಿ, ಓದಲು ಸಿಕ್ಕ ಸಾಲಿನ ಮೇಲೇ ಸೊಪ್ಪು ಉದುರಿಸಿದಳು. ಆಮೇಲೆ ಪಕ್ಕದ ಸಾಲು. ಹಾಗೆಯೇ ತಟ್ಟೆಯೆಲ್ಲ ಹಸಿರಾಯಿತು.

ಸಂಜೆ ಅಪ್ಪ ಕೈತೊಳೆದು ಕೂತು, “ಓದವ್ವ. ಆ ಹುಡ್ಗಿ ಏನಾದ್ಲು?” ಎಂದು ಕೇಳಿದರು.

ಅಕ್ಕ ನನ್ನ ಕಡೆ ನೋಡಲಿಲ್ಲ. “ಮುಗೀತು ಕಣಪ್ಪ ಕತೆ.”

“ಊರ್ಗೆ ವಾಪಸ್ ಬಂದ್ಲಾ?”

“ಬಂದ್ಲು.”

“ಸದ್ಯ, ಒಳ್ಳೇದಾಯ್ತು ಬುಡು,” ಎಂದು ಅಪ್ಪ ಸಮಾಧಾನದಿಂದ ಗೋಡೆಗೆ ಒರಗಿದರು. ಸಾಯುವವರೆಗೂ ಅವರು ಅದನ್ನೇ ನಂಬಿದ್ದರು. ತಟ್ಟೆಗೆ ಹಾಸಿದ್ದೇನು ಎಂದು ಅಕ್ಕ ಅವರಿಗೆ ಹೇಳಲೇ ಇಲ್ಲ.

ಆಮೇಲೆ ಅಕ್ಕ ಓದಿದ್ದನ್ನು ನಾನು ಕಾಣೆ. ಕೆಲಸ ಸಿಕ್ಕ ಮೇಲೆ ಅವಳ ಗಂಡನ ಮನೆಗೆ ಪುಸ್ತಕಗಳನ್ನು ಒಯ್ಯುತ್ತಿದ್ದೆ. “ನಂಗ್ಯಾಕಪ್ಪ ಇವೆಲ್ಲ? ನಿನ್ನಂತೋರು ಓದೋವು,” ಎಂದು ಸೆರಗಿನಿಂದ ಒರೆಸಿ ಕಪಾಟಿನಲ್ಲಿ ಇಡುತ್ತಿದ್ದಳು. ಆ ಕತೆಯ ಹೆಸರು ಕೇಳಿದಾಗ ಮರೆತುಹೋಯಿತು ಎಂದಳು. ಲೈಬ್ರರಿಗಳಲ್ಲಿ ಹಳೆಯ ಸಂಪುಟಗಳನ್ನು ತಿರುವಿ ಹಾಕಿದೆ, ಸಿಗಲಿಲ್ಲ. ಹೋದ ವರ್ಷ ಅಕ್ಕನೂ ಹೋದಳು.

ಮಕ್ಕಳೇ, ನಿಮ್ಮ ಕತೆಗಳು ಫೋನಿನಲ್ಲಿವೆ. ಅವನ್ನು ಯಾರೂ ಹುಳುವಿಗೆ ಹಾಸಲಾರರು. ಅಳಿಸಿದರೂ ಹುಡುಕಿದರೆ ಮತ್ತೆ ಸಿಗುತ್ತವೆ. ನಿಮ್ಮ ಮನೆಯಲ್ಲಿ ಎಲ್ಲರಿಗೂ ಓದು ಬರುತ್ತದೆ. ನಮ್ಮ ಕಾಲಕ್ಕಿಂತ ಇದು ಎಷ್ಟೋ ಮೇಲು, ನಾನೇ ಒಪ್ಪುತ್ತೇನೆ. ಆದರೆ ಮೊನ್ನೆ ಊಟದ ಹೊತ್ತಿನಲ್ಲಿ ನಿಮ್ಮಿಬ್ಬರಲ್ಲಿ ಅಣ್ಣ, “ಥೂ, ಈ ದೆವ್ವದ ಕತೆಗಳನ್ನೆಲ್ಲ ಯಾರಾದ್ರೂ ಓದ್ತಾರಾ?” ಎಂದು ನಕ್ಕಾಗ, ತಂಗಿ ಫೋನನ್ನು ಬೋರಲು ಹಾಕಿ, “ಸುಮ್ನೆ ನೋಡ್ತಿದ್ದೆ” ಅಂದಳು. ತಾತ ಯಾಕೆ ಅರ್ಧ ಊಟಕ್ಕೇ ಕೈತೊಳೆದ ಎಂದು ನೀವಿಬ್ಬರೂ ಕೇಳಿದಿರಲ್ಲ, ಅದಕ್ಕೇ.