ಮೀನಪ್ಪನ ಡ್ರಮ್ಮಿಗೆ ಕಾವಲು

ಬೀದಿಯವರು ಅವನನ್ನು ಮೀನಪ್ಪ ಎಂದು ಕರೆಯುತ್ತಿದ್ದರು. ಅದು ಅವನ ಕಿವಿಗೂ ಬಿದ್ದಿತ್ತು. ಬಿರುದೆಂದು ತಿಳಿದು ಖುಷಿಪಟ್ಟಿದ್ದ. ವಿದ್ಯುತ್ ಕಚೇರಿಯ ದೂರು ವಿಭಾಗದಲ್ಲಿ ಕೂತು, ಕರೆಂಟ್ ಹೋಯಿತೆಂದು ಬಂದವರಿಗೆ ಕಾಯಲು ಹೇಳುವುದು ಅವನ ಕೆಲಸ. ಮನೆಯಲ್ಲಿ ಹಜಾರದ ಮೂರು ಗೋಡೆಗೂ ಮೀನಿನ ಗಾಜಿನ ತೊಟ್ಟಿಗಳು. ನಾಲ್ಕನೆಯ ಗೋಡೆಯ ಕಿಟಕಿಯ ಕೆಳಗೆ ಹೆಂಡತಿಯ ಹೊಲಿಗೆ ಮಿಷನ್. ಅದನ್ನು ಇಷ್ಟು ಸರಿಸಿದರೆ ಇನ್ನೊಂದು ತೊಟ್ಟಿ ಹಿಡಿಸೀತೇ ಎಂದು ಅವನು ಆಗಾಗ ಗೇಣು ಹಾಕಿ ನೋಡುತ್ತಿದ್ದ.

ಮೀನಿಗೆ ಮೊದಲು ಹಕ್ಕಿ ಸಾಕಿದ್ದ. ಪಂಜರ ತೊಳೆದವಳು ತಾಯಿ. ಹಕ್ಕಿಗೂ ಮೊದಲು ಗುಲಾಬಿ ಕುಂಡಗಳಿದ್ದವು. ಕೊಡ ಹೊತ್ತು ಮಹಡಿ ಹತ್ತಿದವಳು ಆಗಷ್ಟೇ ಮದುವೆಯಾಗಿ ಬಂದ ಹೆಂಡತಿ. ಅವನದು ಯಾವತ್ತೂ ನಿಂತು ನೋಡುವ ಪ್ರೀತಿ. ಬಗ್ಗಿ ಎತ್ತುವ, ತಿಕ್ಕುವ ಹೊತ್ತು ಬಂದಾಗೆಲ್ಲ ಅವನಿಗೆ ಕಚೇರಿಗೆ ತಡವಾಗಿರುತ್ತಿತ್ತು.

ಈಚೆಗೆ ಅವನು ತಂದದ್ದು ತಟ್ಟೆಯಂತೆ ಚಪ್ಪಟೆಯಾದ, ಮೈತುಂಬ ನೀಲಿ ಗೆರೆಗಳ ಮೀನುಗಳನ್ನು. ಮಹಾ ನಾಜೂಕಿನ ಜಾತಿ. ಬೋರ್‌ವೆಲ್ಲಿನ ಗಡಸು ನೀರಿಗೆ ಅವು ಮಂಕಾಗಿ ಮೂಲೆ ಹಿಡಿದವು. ಮೀನಪ್ಪ ನೀರಿನ ಲವಣ ಅಳೆಯುವ ಪೆನ್ನೊಂದನ್ನು ತಂದು ಕಂಡಕಂಡಲ್ಲಿ ಅದ್ದಿ ನೋಡಿದ. ತೊಟ್ಟಿಗೆ ಅದ್ದಿದ, ಬಿಂದಿಗೆಗೆ ಅದ್ದಿದ, ಕೊನೆಗೆ ತಾಯಿ ಕುಡಿಯಲೆಂದು ಹಿಡಿದಿದ್ದ ಲೋಟಕ್ಕೂ ಅದ್ದಿದ.

"ನೋಡಮ್ಮ, ಎಷ್ಟು ತೋರಿಸ್ತಿದೆ! ಇಂಥ ನೀರನ್ನ ಮೀನಿಗೆ ಹಾಕೋಕಾಗುತ್ತಾ?"

"ನಾನು ಅದನ್ನೇ ಕುಡೀತಿದೀನಲ್ಲೋ."

"ನಿಂಗೆ ಅಭ್ಯಾಸ ಆಗಿದೆ ಬಿಡು."

ಹಾಗೆ ಮೀನುಗಳಿಗೆಂದೇ ನೀರು ಶುದ್ಧ ಮಾಡುವ ಮಿಷನ್ ತರುವುದೆಂದಾಯಿತು. ಅದನ್ನು ಆರಿಸಲು ಅವನು ಪಟ್ಟ ಪಾಡನ್ನು ಹೆಣ್ಣು ನೋಡುವಾಗಲೂ ಪಟ್ಟಿರಲಿಲ್ಲ. ಊಟದ ತಟ್ಟೆಯ ಪಕ್ಕದಲ್ಲಿ ಫೋನ್ ಆನಿಸಿಟ್ಟುಕೊಂಡು ವೀಡಿಯೊ ನೋಡಿದ. ಮೀನು ಸಾಕುವ ಗೆಳೆಯರು ಭಾನುವಾರಗಳಂದು ಬಂದು ಕೂತು, ಯಾವ ಜಾಲರಿ ಯಾವ ಕೊಳೆಯನ್ನು ತಡೆಯುತ್ತದೆಂದು ಗಂಟೆಗಟ್ಟಲೆ ವಾದ ಮಾಡಿದರು. ಅದುವರೆಗೆ ದಿನವೂ ಬಕೆಟ್‌ನಲ್ಲಿ ನೀರು ಬದಲಿಸಿದವಳು ಅದೇ ಕೋಣೆಯ ಕಿಟಕಿಯ ಬಳಿ ಗುಂಡಿ ಹಾಕುತ್ತ ಕೂತಿದ್ದಳು. ಅವಳನ್ನು ಯಾರೂ ಏನೂ ಕೇಳಲಿಲ್ಲ. ಕಡೆಗೆ ಎರಡು ಮಿಷನ್‌ಗಳು ಉಳಿದವು. ಒಂದರಲ್ಲಿ ಶುದ್ಧ ನೀರು ಕೂಡಿಡುವ ಡ್ರಮ್ ತುಂಬಿದೊಡನೆ ನೀರನ್ನು ತಾನಾಗಿ ನಿಲ್ಲಿಸುವ ವಾಲ್ವ್ ಇತ್ತು. ಇನ್ನೊಂದರಲ್ಲಿ ಅದಿರಲಿಲ್ಲ; ಆದರೆ ಕೊಳವೆಗಳು ಪಾರದರ್ಶಕ, ಒಳಗೆ ಕೊಳೆ ಕೂರುವುದು ಬಂದವರಿಗೆ ಕಾಣುತ್ತದೆ. ಮೀನಪ್ಪ ಕಾಣುವುದನ್ನೇ ಆರಿಸಿದ.

ಅದೇ ದಿನಗಳಲ್ಲಿ ದೊಡ್ಡ ಬೀದಿಯ ಬಟ್ಟೆ ಅಂಗಡಿಯ ಒಡತಿ ಮನೆಗೆ ಬಂದಳು. ಹೆಂಡತಿ ಬಹಳ ಕಾಲದಿಂದ ಮನೆಯಲ್ಲೇ ಕೂತು ಅವಳಿಗೆ ಶಾಲೆ ಸಮವಸ್ತ್ರಗಳನ್ನು ಹೊಲಿದು ಕೊಡುತ್ತಿದ್ದಳು.

"ಅಕ್ಕಾ, ನಮ್ಮ ಬಟ್ಟೆ ಕತ್ತರಿಸೋನು ಕೆಲ್ಸ ಬಿಡ್ತಿದಾನೆ. ಕಟಿಂಗ್ ಮೇಜು ನೀವೇ ವಹಿಸ್ಕೊಳ್ಳಿ. ನಿಮ್ಮ ಕೈಗೆ ಬಟ್ಟೆ ದಂಡ ಆಗಲ್ಲ. ಆದ್ರೆ ಸೋಮವಾರಕ್ಕೆ ಬರ್ಬೇಕು, ಬರದಿದ್ರೆ ಬೇರೆಯವರನ್ನ ನೋಡ್ಕೋತೀನಿ."

ಹೆಂಡತಿಗೆ ಆ ಮೇಜು ಗೊತ್ತಿತ್ತು. ಹೊಲಿದದ್ದನ್ನು ಒಪ್ಪಿಸಲು ಹೋದಾಗೆಲ್ಲ ಅದರ ಮೇಲೆ ಒಮ್ಮೆ ಕೈಯಾಡಿಸಿ ಬರುತ್ತಿದ್ದಳು. ಗಂಡನಿಗೆ ಹೇಳಿದಳು. ಅವನು ಫೋನಿನಿಂದ ತಲೆಯೆತ್ತದೆ ಉದಾರಿಯಾದ.

"ಹೋಗು, ಯಾರು ಬೇಡ ಅಂದ್ರು? ಮಿಷನ್ ಬಂದ್ಮೇಲೆ ನಿಂಗೇನಿರುತ್ತೆ ಕೆಲ್ಸ? ನಿಂಗೋಸ್ಕರಾನೇ ತರ್ತಿರೋದು ಕಣೆ."

ಅವಳು ನಂಬಿದಳು. ಬರುತ್ತೇನೆಂದು ಒಡತಿಗೆ ಮಾತು ಕೊಟ್ಟಳು.

ಶನಿವಾರ ಫಿಟ್ಟರ್ ಬಂದ. ಮಿಷನ್ನಿಗೆ ಜಾಗವೆಂದು ಮೀನಪ್ಪ ತೋರಿಸಿದ್ದು ಅಡುಗೆಮನೆಯ ಸಿಂಕಿನ ಕೆಳಭಾಗವನ್ನು. ಹಜಾರದಲ್ಲಿ ಅವನ ಮೀನುಗಳಿಗೆ ಡ್ರಿಲ್ಲಿನ ಸದ್ದು ಆಗದಂತೆ. ಸಿಂಕಿನ ಕೆಳಗಿದ್ದ ಪಾತ್ರೆಗಳೆಲ್ಲ ಹೆಂಡತಿಯ ತೋಳಿಗೆ ಬಂದವು. ಗೋಡೆ ಕೊರೆದು ಒಂದು ಪೈಪನ್ನು ಬಚ್ಚಲಿನ ಡ್ರಮ್ಮಿಗೆ ಎಳೆದದ್ದಾಯಿತು. ಮಿಷನ್ ಹೊರಹಾಕುವ ಉಪ್ಪುನೀರಿಗೆ ಇನ್ನೊಂದು ಪೈಪು. ಒಂದು ಬಕೆಟ್ ಒಳ್ಳೆಯ ನೀರಿಗೆ ಮೂರು ಬಕೆಟ್ ಉಪ್ಪುನೀರು ಬರುತ್ತದೆಂದು ಫಿಟ್ಟರ್ ಹೇಳಿದ.

"ದಂಡ ಮಾಡ್ಬಾರ್ದು," ಎಂದ ಮೀನಪ್ಪ ಹೆಂಡತಿಯ ಕಡೆ ತಿರುಗಿ. "ಬಕೆಟ್ ಬಕೆಟಿಗೆ ಹಿಡಿದಿಟ್ಕೊ. ನೆಲ ಒರೆಸೋಕೆ ಆಗುತ್ತೆ, ಬಟ್ಟೆ ನೆನೆಸೋಕೆ ಆಗುತ್ತೆ."

ಫಿಟ್ಟರ್ ನಲ್ಲಿ ತಿರುಗಿಸಿದ. ನೀರು ಸಣ್ಣಗೆ ನೂಲಿನಂತೆ ಇಳಿಯಿತು. "ಸಾರ್, ಬೆಳಿಗ್ಗೆ ಬಿಟ್ರೆ ಡ್ರಮ್ ತುಂಬೋಕೆ ಮಧ್ಯಾಹ್ನ ದಾಟುತ್ತೆ. ಇದರಲ್ಲಿ ತಾನಾಗಿ ನಿಲ್ಲೋ ವಾಲ್ವ್ ಇಲ್ಲ. ಯಾರು ಆಫ್ ಮಾಡ್ತಾರೆ?"

"ಮನೇಲಿ ಇವಳಿರ್ತಾಳಲ್ಲ."

"ದಿನಾ?"

"ಮತ್ತೆಲ್ಲಿಗೆ ಹೋಗ್ತಾಳೆ?"

ಹೆಂಡತಿ ಪಾತ್ರೆಗಳನ್ನು ಹೊತ್ತು ಅಲ್ಲೇ ನಿಂತಿದ್ದಳು. "ಸೋಮವಾರದಿಂದ ಅಂಗಡಿಗೆ ಹೋಗ್ತೀನಿ ಅಂದಿದ್ನಲ್ಲಾ ರೀ. ಆ ವಾಲ್ವನ್ನೂ ಹಾಕಿಸ್ಬಿಡಿ."

"ಅದು ಬೇಡದ ಪಾರ್ಟು ಕಣೆ. ಪಾರ್ಟ್ ಜಾಸ್ತಿಯಾದಷ್ಟೂ ರಿಪೇರಿ ಜಾಸ್ತಿ. ಮನುಷ್ಯರ ಕಣ್ಣಿದ್ದ ಹಾಗೆ ಆಗುತ್ತಾ? ಅಂಗಡಿ ಎಲ್ಲಿ ಓಡಿಹೋಗುತ್ತೆ, ಸ್ವಲ್ಪ ದಿನ ನೋಡೋಣ."

ಕಚೇರಿಯಲ್ಲಿ ದಿನವಿಡೀ ಹೇಳುವ ಮಾತನ್ನು ಮನೆಯಲ್ಲಿ ಹೇಳಲು ಅವನಿಗೆ ಬೇರೆ ದನಿಯೂ ಬೇಕಾಗಲಿಲ್ಲ. ಫಿಟ್ಟರ್ ಗಂಡನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ಊರ ಉಸಾಬರಿ ತನಗೇಕೆಂದು ಚೀಲ ಎತ್ತಿಕೊಂಡು ಹೊರಟ.

ಭಾನುವಾರ ಗೆಳೆಯರು ಬಂದು ಅಡುಗೆಮನೆಯ ನೆಲದಲ್ಲಿ ಕುಕ್ಕುರುಗಾಲಲ್ಲಿ ಕೂತು, ಸಿಂಕಿನ ಕೆಳಗೆ ಟಾರ್ಚ್ ಬಿಟ್ಟು, ಭಲೇ ಎಂದರು. ಅವರು ಎದ್ದು ಹೋಗುವವರೆಗೂ ಒಲೆ ಹಚ್ಚಲಾಗಲಿಲ್ಲ. ಆ ದಿನ ಹೆಂಡತಿ ಹೊಲಿಗೆಗೆ ಕೂತು ನಾಲ್ಕು ಸಲ ಎದ್ದಳು, ಬಕೆಟ್ ಬದಲಿಸಲು. ಐದನೆಯ ಸಲ ಎದ್ದವಳು ಮತ್ತೆ ಹೊಲಿಗೆಗೆ ಕೂರಲಿಲ್ಲ. ಕತ್ತರಿಯನ್ನು ಹುಡುಕಿ ತೆಗೆದು, ಎಣ್ಣೆ ಬಿಟ್ಟು, ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು.

ಸೋಮವಾರ ಬೆಳಿಗ್ಗೆ ಅಡುಗೆ ಮುಗಿಸಿ ಚೀಲ ಹೆಗಲಿಗೇರಿಸಿದಳು. "ಮಿಷನ್ನಿನ ನಲ್ಲಿ ಮುಚ್ಚಿದೀನಿ. ಸಂಜೆ ಬಂದು ನೀವೇ ಬಿಟ್ಕೊಳ್ಳಿ."

ಮೀನಪ್ಪ ಹಲ್ಲುಜ್ಜುವ ಬ್ರಷ್ ಹಿಡಿದು ಓಡಿ ಬಂದ. "ಮೀನುಗಳ ಗತಿ?"

"ಸಂಜೆ ತನಕ ಅವಕ್ಕೇನೂ ಆಗಲ್ಲ. ಆಮೇಲೆ ನೀವಿರ್ತೀರಲ್ಲ."

"ಒಂದು ವಾರ ಇದ್ದು ಹೋಗ್ಬಾರ್ದಾ? ಅಷ್ಟು ಅವಸರ ಏನು?" ಅವಳು ಚಪ್ಪಲಿ ಮೆಟ್ಟುತ್ತಿದ್ದಳು. ಅವನು ತಾಯಿಯ ಕಡೆ ತಿರುಗಿದ. "ಅಮ್ಮಾ, ನೀನಾದ್ರೂ ಸ್ವಲ್ಪ ನೋಡ್ಕೊಳ್ಳೇ."

"ನಿಮ್ಮಪ್ಪನ ಸ್ನಾನದ ನೀರು ಕಾಯಿಸ್ತಾನೇ ಒಂದು ಜನ್ಮ ಕಳೀತು," ಎಂದಳು ಮುದುಕಿ. "ನಿನ್ನ ಮೀನಿನ ನೀರು ಕಾಯೋಕೆ ಇನ್ನೊಂದು ಎತ್ತಿ ಬರ್ತೀನಿ, ಆಗ ಕೇಳು. ನೀ ಹೋಗೇ, ಹೊತ್ತಾಯ್ತು."

ಸೊಸೆ ಹೋದಳು.

ಆ ಸಂಜೆಯಿಂದ ಮೀನಪ್ಪ ಬಚ್ಚಲಿನಲ್ಲಿ ಸ್ಟೂಲ್ ಹಾಕಿಕೊಂಡು ಡ್ರಮ್ ಕಾದ. ಬಕೆಟ್ ತುಂಬಿದಾಗೆಲ್ಲ ಎತ್ತಿ ಸುರಿದ. ಸುರಿದಾಗೆಲ್ಲ ಸೊಂಟ ಹಿಡಿದುಕೊಂಡು ಮನೆಗೆಲ್ಲ ಕೇಳುವಂತೆ ನರಳಿದ. ಯಾರೂ ಏನಾಯಿತೆಂದು ಕೇಳಲಿಲ್ಲ. ಹಜಾರದ ಮೀನು ನೋಡಲು ಪುರುಸೊತ್ತಿಲ್ಲ, ಗೆಳೆಯರ ಜೊತೆ ಹರಟಲು ಹೋಗುವಂತಿಲ್ಲ. ಇಂಥ ಅನ್ಯಾಯವನ್ನು ಅವನು ಆ ವಾರ ಮುಗಿಯುವ ತನಕವೂ ತಾಳಲಿಲ್ಲ. ಫಿಟ್ಟರ್‌ಗೆ ಫೋನ್ ಮಾಡಿ ಕೂಗಾಡಿದ.

"ನಾಳೆ ಗೀಳೆ ಅನ್ಬೇಡ, ಇವತ್ತೇ ಬಾ. ಎಷ್ಟು ತೊಂದ್ರೆ ಆಗ್ತಿದೆ ಗೊತ್ತಾ ನಂಗೆ?"

ಬೇಡದ ಪಾರ್ಟು ಅವತ್ತೇ ಬಂತು. ಹಾಕಲು ಅರ್ಧ ಗಂಟೆಯೂ ಹಿಡಿಯಲಿಲ್ಲ.

ಮುಂದಿನ ಭಾನುವಾರ ಅವನು ಗೆಳೆಯರಿಗೆ ವಾಲ್ವಿನ ಮಹಿಮೆ ವಿವರಿಸಿದ. "ಇದಿಲ್ದೆ ಮಿಷನ್ ತಗೊಳ್ಳಲೇಬೇಡಿ ಕಣ್ರಯ್ಯ. ಮನುಷ್ಯ ಅಂದ್ಮೇಲೆ ಡ್ರಮ್ ಮುಂದೆ ಕೂತ್ಕೊಂಡೇ ಇರೋಕಾಗುತ್ತಾ? ಬೇರೆ ಬದುಕು ಬಾಳು ಇರಲ್ವಾ?" ಗೆಳೆಯರು ತಲೆದೂಗಿದರು. ಆ ಸತ್ಯ ಅವರಿಗೂ ಆಗಷ್ಟೇ ಹೊಳೆದಂತಿತ್ತು.

ಅವರು ಹೋದ ಮೇಲೆ ಅವನು ಒಂದು ಡಬ್ಬಿ ಹಿಡಿದು ಹೆಂಡತಿಯ ಬಳಿ ಬಂದ. ಹೊಸ ನೀರು ಅತಿ ಶುದ್ಧ, ಅದಕ್ಕೆ ಖನಿಜದ ಪುಡಿ ಬೆರೆಸದಿದ್ದರೆ ಮೀನಿಗೆ ಒಗ್ಗುವುದಿಲ್ಲ.

"ಬೆಳಿಗ್ಗೆ ಹೋಗೋ ಮುಂಚೆ ಇದನ್ನ ಡ್ರಮ್ಮಿಗೆ ಬೆರೆಸಿ ಹೋಗು. ಒಂದು ನಿಮಿಷದ ಕೆಲ್ಸ."

"ಬೆಳಿಗ್ಗೆ ಅಂಗಡಿ ಬೀಗ ನಾನೇ ತೆಗೀಬೇಕು. ಕೀಲಿಕೈ ನನ್ನ ಹತ್ರಾನೇ ಕೊಟ್ಟಿದಾರೆ."

ಅವನು ಡಬ್ಬಿ ಹಿಡಿದುಕೊಂಡೇ ನಿಂತ. ತಾಯಿಯ ಕಡೆ ನೋಡಿದ. ಅವಳು ಆಗಲೇ ಗೋಡೆಯ ಕಡೆ ಮಗ್ಗುಲಾಗಿದ್ದಳು.

"ಎಷ್ಟು ಚಮಚ ಹಾಕ್ಬೇಕು?"

"ಡಬ್ಬಿ ಮೇಲೇ ಬರೆದಿದೆ ರೀ. ಓದ್ಕೊಳ್ಳಿ."